ನಿಂತು ಕೆಡುವ ಗಾಲಿ

ಗೋವಿನಜೋಳದ ರಾಶಿ ಸುರುವಾಯಿತೆಂದರೆ ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರಿನ ಪಂಚರ್ ಅಂಗಡಿಗಳಿಗೂ ಸುಗ್ಗಿ. ಮಳೆಗಾಲವೆಲ್ಲ ಹಿತ್ತಲಲ್ಲೋ ಕಣದ ಮೂಲೆಯಲ್ಲೋ ನಿಂತಿದ್ದ ಟ್ರ್ಯಾಕ್ಟರ್ ಟ್ರೇಲರುಗಳು ಒಮ್ಮೆಲೇ ರಸ್ತೆಗೆ ಇಳಿಯುತ್ತವೆ. ಎರಡು ಹೇರು ಮುಗಿಯುವುದರೊಳಗೆ ಯಾರದೋ ಒಂದು ಗಾಲಿ ಗರಗರ ಅನ್ನತೊಡಗುತ್ತದೆ. ಆಗ ಅಂಗಡಿಯ ಮುಂದೆ ನಡೆಯುವ ಮಾತು ಎಲ್ಲ ಕಡೆಯೂ ಹೆಚ್ಚುಕಡಿಮೆ ಒಂದೇ.

“ಗಾಲಿ ಸಪ್ಪಳ ಮಾಡಾಕತ್ತೈತಿ ಅಣ್ಣಾ.”

“ಬ್ಯಾರಿಂಗ್ ಹೋಗೇತ್ರಿ, ಹಬ್ ಬಿಚ್ಚಬೇಕು.”

“ಹ್ವಾದ ವರ್ಷ ಹೊಸಾದು ಹಾಕ್ಸೇನಲ್ಲೋ! ದೀಪಾವಳಿ ತನಾ ಗಾಡಿ ಹೊರಗ ತಗದಽ ಇಲ್ಲ.”

“ಅದಕ್ಕಽ ಹೋಗೇತಿ.”

ಮಾಲೀಕನಿಗೆ ಇದು ಉಡಾಫೆಯ ಉತ್ತರದಂತೆ ಕೇಳುತ್ತದೆ. ಆದರೆ ಮೆಕ್ಯಾನಿಕ್ ಹೇಳಿದ್ದು ಸರಿ. ಟ್ರ್ಯಾಕ್ಟರಿನ ಇಂಜಿನ್ ಓಡಿ ಸವೆಯುತ್ತದೆ. ಟ್ರೇಲರಿನ ಗಾಲಿ ಬಹಳ ಸಲ ಕೆಡುವುದು ನಿಂತು.

ಮೊದಲಿಗೆ, ಗಾಲಿಗೆ ಬೇರಿಂಗ್ ಬೇಕೇ ಬೇಕೆ? ಚಕ್ಕಡಿ ತಲೆಮಾರುಗಟ್ಟಲೆ ಅದಿಲ್ಲದೆ ಓಡಿದೆ. ಇಂದಿಗೂ ಭಾರತ ಹುಣ್ಣಿಮೆಯ ಆಸುಪಾಸಿನಲ್ಲಿ ಉಳವಿ ಚನ್ನಬಸವೇಶ್ವರ ಜಾತ್ರೆಗೆ ಧಾರವಾಡ ಸೀಮೆಯಿಂದ ಚಕ್ಕಡಿ ಕಟ್ಟಿಕೊಂಡು ಹೋಗುವವರಿದ್ದಾರೆ. ದಿನಗಟ್ಟಲೆಯ ದಾರಿ, ಅಷ್ಟೂ ದಿನ ಗಾಡಿಯೇ ಮನೆ. ಹಳೆಯ ಕಟ್ಟಿಗೆ ಗಾಲಿಯ ಗುಂಬದೊಳಗೆ ಕಬ್ಬಿಣದ ಅಚ್ಚು ನೇರವಾಗಿ ಕಬ್ಬಿಣದ ಬಳೆಗೆ ಉಜ್ಜುತ್ತದೆ. ನಡುವೆ ಒಂದಿಷ್ಟು ಕೀಲೆಣ್ಣೆ, ಅಷ್ಟೆ.

ಇದರ ಲೆಕ್ಕ ಸೊಗಸಾಗಿದೆ. ಎಣ್ಣೆ ಸವರಿದ ಲೋಹದ ಮೇಲೆ ಲೋಹ ಜಾರುವಾಗ ತಡೆಯುವ ಬಲ ಭಾರದ ಸುಮಾರು ಹತ್ತರಲ್ಲಿ ಒಂದು ಪಾಲು. ಒಂದು ಟನ್ ಹೇರಿದರೆ 100 ಕೆ.ಜಿ. ತೂಕದಷ್ಟು. ಆದರೆ ಆ ತಡೆ ಇರುವುದು ನಡುಮಧ್ಯದಿಂದ ಬರೀ 2 ಸೆಂ.ಮೀ. ದೂರದ ಅಚ್ಚಿನ ಮೈಮೇಲೆ. ಎತ್ತು ಎಳೆಯುವ ಬಲ ಗಾಲಿಯನ್ನು ತಿರುಗಿಸುವುದು 65 ಸೆಂ.ಮೀ. ಆಚೆಯ ಅಂಚಿನಿಂದ. ಸನ್ನೆಗೋಲಿನ ಈ ಲಾಭದಿಂದ 100 ಕೆ.ಜಿ. ಇಳಿದು 3 ಕೆ.ಜಿ. ಆಗುತ್ತದೆ. ಚಕ್ಕಡಿಯ ಗಾಲಿ ಎದೆಮಟ್ಟ ಎತ್ತರವಿರುವುದಕ್ಕೆ ಇದೂ ಒಂದು ಕಾರಣ. ಎತ್ತಿಗೆ ನಿಜವಾದ ಕಷ್ಟ ಅಚ್ಚಿನಲ್ಲಿಲ್ಲ, ಸವಣೂರಿನ ಎರೆಮಣ್ಣಿನಲ್ಲಿದೆ.

ಹಾಗಾದರೆ ಟ್ರೇಲರಿಗೂ ಕೀಲೆಣ್ಣೆ ಸಾಲದೇಕೆ? ಎಳೆಯುವ ಕಷ್ಟಕ್ಕಲ್ಲ, ಕಾವಿಗೆ. ಚಕ್ಕಡಿ ಸೆಕೆಂಡಿಗೆ ಒಂದು ಮೀಟರ್ ನಡೆಯುತ್ತದೆ. ಅದರ ಎರಡೂ ಗಾಲಿಗಳಲ್ಲಿ ಹುಟ್ಟುವ ಬಿಸಿ ಒಟ್ಟು 30 ವಾಟ್. ಗಾಳಿಗೆ ಆರಿಹೋಗುತ್ತದೆ. ಅದೇ ಕಬ್ಬಿಣದ ಬಳೆಯನ್ನು ಟ್ರೇಲರಿಗೆ ಹಾಕಿ 6 ಟನ್ ಹೇರಿ, ಗಂಟೆಗೆ 25 ಕಿ.ಮೀ. ವೇಗದಲ್ಲಿ ಓಡಿಸಿದೆವೆನ್ನಿ. ಅಚ್ಚು ದಪ್ಪವಾಯಿತು, ಗಾಲಿ ಚಿಕ್ಕದಾಯಿತು, ವೇಗ ಏಳು ಪಟ್ಟಾಯಿತು. ಒಂದೊಂದು ಹಬ್ಬಿನಲ್ಲಿ ಸುಮಾರು 1,400 ವಾಟ್ ಬಿಸಿ. ಹಾವೇರಿ ಮಾರುಕಟ್ಟೆ ಮುಟ್ಟುವ ಮೊದಲೇ ಎಣ್ಣೆ ಸುಟ್ಟು, ಅಚ್ಚಿಗೆ ಬಳೆ ಕಚ್ಚಿ ಕೂತಿರುತ್ತದೆ. ಜಾರುವ ಬದಲು ಉರುಳುವ ರೋಲರ್ ಇಟ್ಟರೆ ಅದೇ ಹಬ್ಬಿನಲ್ಲಿ 30 ವಾಟ್ ಕೂಡ ಹುಟ್ಟುವುದಿಲ್ಲ. ಬೇರಿಂಗ್ ಬಂದದ್ದು ಭಾರಕ್ಕಿಂತ ಹೆಚ್ಚಾಗಿ ವೇಗದ ಸಲುವಾಗಿ.

ಇನ್ನು ಆ ರೋಲರಿನ ಆಕಾರ. ಟ್ರೇಲರ್ ಹಬ್ಬಿನಲ್ಲಿ ಎರಡು ಬೇರಿಂಗ್ ಇರುತ್ತವೆ: ಒಳಗಡೆ ದೊಡ್ಡದು, ಹೊರಗಡೆ ಚಿಕ್ಕದು, ಒಂದಕ್ಕೊಂದು ಎದುರುಬದುರಾಗಿ. ಇವುಗಳ ರೋಲರ್ ಸಿಲಿಂಡರಿನಂತೆ ಸಪಾಟಲ್ಲ. ಒಂದು ತುದಿ ದಪ್ಪ, ಇನ್ನೊಂದು ತುದಿ ಸಣ್ಣ. ಬಾಯಿ ಅಗಲ, ತಳ ಕಿರಿದಾದ ಸ್ಟೀಲ್ ಲೋಟವೊಂದನ್ನು ನೆಲದ ಮೇಲೆ ಮಲಗಿಸಿ ಉರುಳಿಸಿ ನೋಡಿ. ನೇರ ಹೋಗುವುದಿಲ್ಲ, ಸುತ್ತು ಹೊಡೆಯುತ್ತದೆ. ಲೋಟದ ಗೋಡೆಗಳನ್ನು ತಳದ ಕಡೆ ಮುಂದುವರಿಸಿದರೆ ಅವು ಕೂಡುವ ಚೂಪು ತುದಿ ಯಾವುದೋ, ಅದೇ ಆ ಸುತ್ತಿನ ನಡುಬಿಂದು. ಬೇರಿಂಗಿನಲ್ಲಿ ಪ್ರತಿ ರೋಲರಿನ ಚೂಪು ತುದಿಯೂ ಎಕ್ಸೆಲಿನ ನಡುಗೆರೆಯ ಒಂದೇ ಬಿಂದುವಿಗೆ ಬಂದು ಕೂಡುವಂತೆ ಅಳತೆ ಮಾಡಿರುತ್ತಾರೆ. ಹಾಗಾಗಿ ರೋಲರ್ ತನ್ನ ಇಡೀ ಉದ್ದಕ್ಕೂ ಉಜ್ಜದೆ ಉರುಳುತ್ತದೆ.

ಇಷ್ಟೆಲ್ಲ ತೊಂದರೆ ಪಟ್ಟದ್ದು ಅಡ್ಡ ಒತ್ತಡವನ್ನು ಹೊರಲು. ಬದು ಹತ್ತಿಸುವಾಗ, ತಿರುವಿನಲ್ಲಿ, ಒಂದು ಗಾಲಿ ಗುಂಡಿಗೆ ಇಳಿದಾಗ ಭಾರ ಮೇಲಿನಿಂದಷ್ಟೇ ಬರುವುದಿಲ್ಲ, ಪಕ್ಕದಿಂದಲೂ ದೂಡುತ್ತದೆ. ನೇರ ರೋಲರ್ ಅದನ್ನು ತಡೆಯಲಾರದು. ಓರೆ ರೋಲರ್ ಎರಡನ್ನೂ ಹೊರುತ್ತದೆ. ಅಮೆರಿಕದ ಸೇಂಟ್ ಲೂಯಿಸಿನಲ್ಲಿ ಹೆನ್ರಿ ಟಿಮ್ಕೆನ್ ಎಂಬವನು ಸೋದರಳಿಯ ಹೈನ್ಜೆಲ್ಮನ್ ಜೊತೆ ಸೇರಿ ಇದಕ್ಕೆ ಪೇಟೆಂಟ್ ಪಡೆದದ್ದು 1898ರಲ್ಲಿ. ಅವನ ಕಸುಬು ಮೋಟಾರಿನದಲ್ಲ, ಕುದುರೆ ಎಳೆಯುವ ಗಾಡಿ ಮಾಡುವುದು. ಅವನ ಹೆಸರಿನ ಕಂಪನಿ ಇಂದು ನಮ್ಮ ಜಮ್ಶೆಡ್‌ಪುರದಲ್ಲೂ ಬೇರಿಂಗ್ ತಯಾರಿಸುತ್ತದೆ.

ಇಂಥ ಬೇರಿಂಗಿನ ಆಯುಷ್ಯಕ್ಕೂ ಭಾರಕ್ಕೂ ಇರುವ ಸಂಬಂಧ ಕಬ್ಬು ಹೇರುವವರಿಗೆ ಇಷ್ಟವಾಗುವಂಥದ್ದಲ್ಲ. ಸ್ವೀಡನ್ನಿನ ಲುಂಡ್‌ಬರ್ಗ್ ಮತ್ತು ಪಾಮ್‌ಗ್ರೆನ್ 1947ರಲ್ಲಿ ಪ್ರಕಟಿಸಿದ ಕೆಲಸವೇ ಇವತ್ತಿನ ಲೆಕ್ಕಕ್ಕೂ ತಳಪಾಯ. ಅದರಿಂದ ಬೆಳೆದ ಸೂತ್ರದ ಪ್ರಕಾರ ರೋಲರ್ ಬೇರಿಂಗಿಗೆ ಭಾರ ಇಮ್ಮಡಿಯಾದರೆ ಆಯುಷ್ಯ ಅರ್ಧವಾಗುವುದಿಲ್ಲ, ಹತ್ತನೆಯ ಒಂದಕ್ಕೆ ಇಳಿಯುತ್ತದೆ. ಕಾಲು ಪಾಲು ಹೆಚ್ಚು ಹೇರಿದರೂ ಸಾಕು, ಅರ್ಧಕ್ಕಿಂತ ಕಡಿಮೆಯಾಗುತ್ತದೆ. ಒಂದು ಟ್ರಿಪ್ಪಿನ ಡೀಸೆಲ್ ಉಳಿಸಲು ಒಂದೂವರೆ ಟ್ರಿಪ್ಪಿನ ಮಾಲು ತುಂಬುವವರು ಉಳಿಸಿದ್ದೆಷ್ಟು, ಕಳೆದದ್ದೆಷ್ಟು ಎಂದು ಒಮ್ಮೆ ಕೂತು ಲೆಕ್ಕ ಹಾಕಬೇಕು. ನಾನು ಕಂಡಂತೆ ಯಾರೂ ಹಾಕುವುದಿಲ್ಲ.

ಆದರೆ ಹಿತ್ತಲಲ್ಲಿ ಖಾಲಿ ನಿಂತ ಟ್ರೇಲರಿಗೆ ಭಾರವೇ ಇಲ್ಲವಲ್ಲ? ಅಲ್ಲಿ ವೈರಿ ನೀರು. ಹಾನಗಲ್ಲಿನ ಕಡೆ ಭತ್ತದ ಗದ್ದೆ, ಕೆರೆ ಎರಡೂ ಧಾರಾಳ. ಓಡಿ ಬಿಸಿಯಾದ ಹಬ್ಬನ್ನು ನೀರಿಗೆ ಇಳಿಸಿದಾಗ ಒಳಗಿನ ಗಾಳಿ ಥಟ್ಟನೆ ತಣಿದು ಕುಗ್ಗುತ್ತದೆ, ಸವೆದ ಆಯಿಲ್ ಸೀಲಿನ ಅಂಚಿನಿಂದ ನೀರನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಗಾಡಿ ತೊಳೆಯುವ ಅಂಗಡಿಯ ಜೋರು ಪೈಪೂ ಇದೇ ಕೆಲಸ ಮಾಡುತ್ತದೆ. ಹಬ್ಬಿನ ಮುಚ್ಚಳ ಬಿದ್ದುಹೋಗಿ ಆ ಜಾಗಕ್ಕೆ ಅರಿವೆ ತುರುಕಿದ ಗಾಡಿಗಳಂತೂ ಸೀದಾ ಮಳೆಯನ್ನೇ ಕುಡಿಯುತ್ತವೆ.

ಒಳಗೆ ಸೇರಿದ ನೀರು ರೋಲರ್ ಮತ್ತು ಕಪ್ (ಬೇರಿಂಗಿನ ಹೊರಬಳೆ) ಒಂದಕ್ಕೊಂದು ತಾಗುವ ಸಂದಿನಲ್ಲಿ ಹೋಗಿ ನಿಲ್ಲುತ್ತದೆ. ಗಾಲಿ ತಿರುಗುತ್ತಿದ್ದರೆ ಗ್ರೀಸು ಮತ್ತೆ ಮತ್ತೆ ಹರಡಿ ಅಲ್ಲಿ ಮುಚ್ಚಿಗೆ ಆಗುತ್ತಿತ್ತು. ನಾಲ್ಕು ತಿಂಗಳು ಒಂದೇ ಕಡೆ ನಿಂತರೆ ಪ್ರತಿ ರೋಲರಿನ ಕೆಳಗೂ ಒಂದೊಂದು ತುಕ್ಕಿನ ಗೆರೆ. ಓಡುವಾಗ ಉಕ್ಕನ್ನು ಉಕ್ಕಿನಿಂದ ದೂರ ಇಡುವ ಎಣ್ಣೆಯ ಪದರ ಒಂದು ಮೈಕ್ರಾನಿಗಿಂತ ತೆಳ್ಳಗಿರುವುದೂ ಉಂಟು. ಅದರ ಮುಂದೆ ಆ ಗೆರೆ ದೊಡ್ಡ ಹಳ್ಳ. ಸುಗ್ಗಿಯ ಮೊದಲ ಹೇರಿಗೆ ಗೆರೆಯ ಅಂಚು ಬಿರಿಯುತ್ತದೆ, ಚಕ್ಕೆ ಏಳುತ್ತದೆ, ಆ ಚಕ್ಕೆ ಉಳಿದ ರೋಲರುಗಳನ್ನೂ ಕೆಡಿಸುತ್ತದೆ. ಗರಗರ ಸಪ್ಪಳ ಅದರದೇ.

ಆದ್ದರಿಂದ ಹಬ್ ಬಿಚ್ಚಬೇಕಾದದ್ದು ಸಪ್ಪಳ ಬಂದ ಮೇಲಲ್ಲ, ರಾಶಿಗೆ ಮುಂಚೆ. ಟ್ರೇಲರ್ ಖಾಲಿ ಇರಲಿ, ಟ್ರ್ಯಾಕ್ಟರಿನ ಹುಕ್ಕಿಗೆ ಸಿಕ್ಕಿಸಿಯೇ ಇರಲಿ, ಆಚೆ ಗಾಲಿಗೆ ಹಿಂದೆ ಮುಂದೆ ಕಲ್ಲು ಇರಲಿ. ಜಾಕ್ ಇರುವುದು ಎತ್ತಲಿಕ್ಕೆ. ಎತ್ತಿದ್ದನ್ನು ಹೊತ್ತು ನಿಲ್ಲಲು ಎಕ್ಸೆಲ್ ಕೆಳಗೆ ಗಟ್ಟಿ ಮರದ ದಿಮ್ಮಿ ಬೇಕು. ಬಿಚ್ಚಿದ ಬೇರಿಂಗನ್ನು ಸೀಮೆಎಣ್ಣೆ ಅಥವಾ ಡೀಸೆಲ್ಲಿನಲ್ಲಿ ತೊಳೆದು ಒಣಗಿಸಿ ಬೆಳಕಿಗೆ ಹಿಡಿದರೆ ಅದು ತನ್ನ ಕಥೆ ತಾನೇ ಹೇಳುತ್ತದೆ. ಸಮ ಅಂತರದ ಕಪ್ಪು ಗೆರೆ ಇದ್ದರೆ ನಿಂತು ತುಕ್ಕು ಹಿಡಿದದ್ದು. ನೀಲಿ ಛಾಯೆ ಇದ್ದರೆ ಗ್ರೀಸಿಲ್ಲದೆ ಕಾದದ್ದು. ಚಕ್ಕೆ ಎದ್ದಿದ್ದರೆ ಆಯುಷ್ಯ ಮುಗಿದದ್ದು. ಒಣಗಿಸುವ ನೆಪದಲ್ಲಿ ಕಂಪ್ರೆಸರ್ ಗಾಳಿ ಬಿಟ್ಟು ಬೇರಿಂಗನ್ನು ಗಿರ್ರನೆ ತಿರುಗಿಸುವುದು ಅಂಗಡಿ ಹುಡುಗರ ಆಟ. ಎಣ್ಣೆಯಿಲ್ಲದೆ ಆ ವೇಗಕ್ಕೆ ತಿರುಗಿದ ರೋಲರ್ ಪಂಜರ ಒಡೆದು ಗುಂಡಿನಂತೆ ಸಿಡಿಯಬಲ್ಲದು. ಅದನ್ನು ಕಂಡಲ್ಲಿ ಬೈಯಬೇಕು.

ಹೊಸದು ತರಲು ಅಳತೆಪಟ್ಟಿ ಬೇಡ, ಬೇರಿಂಗಿನ ಮೇಲಿನ ನಂಬರ್ ಸಾಕು. ಕೊನೆಯ ಎರಡು ಅಂಕಿಯನ್ನು ಐದರಿಂದ ಗುಣಿಸಿದರೆ ಎಕ್ಸೆಲಿನ ದಪ್ಪ ಮಿಲಿಮೀಟರಿನಲ್ಲಿ ಸಿಗುತ್ತದೆ: 30210 ಅಂದರೆ 50 ಮಿ.ಮೀ., 32213 ಅಂದರೆ 65. 04ರಿಂದ ಮೇಲಿನ ಅಂಕಿಗಳಿಗೆ ಈ ಲೆಕ್ಕ ನಡೆಯುತ್ತದೆ, ಮೋಟಾರಿನ 6205 ಬಾಲ್ ಬೇರಿಂಗಿಗೂ. ಕೋನ್ (ರೋಲರುಗಳು ಕೂತ ಒಳಬಳೆ) ಹೊಸದು ಹಾಕಿ ಹಬ್ಬಿನೊಳಗಿನ ಹಳೆಯ ಕಪ್ಪನ್ನೇ ಉಳಿಸಿದರೆ ದುಡ್ಡು ಹಾಳು. ಎರಡೂ ಜೋಡಿಯಾಗಿ ಬದಲಾಗಬೇಕು, ಸೀಲೂ ಹೊಸದಾಗಬೇಕು.

ಗ್ರೀಸೆಂದರೆ ಎಣ್ಣೆಯನ್ನು ಹಿಡಿದಿಟ್ಟುಕೊಂಡ ಸಾಬೂನು. ನಾವು ಕೊಳ್ಳುವ ಸಾಮಾನ್ಯ ಗ್ರೀಸಿನಲ್ಲಿರುವುದು ಲಿಥಿಯಂ ಸಾಬೂನು; ಅಮೆರಿಕದ ಕ್ಲಾರೆನ್ಸ್ ಅರ್ಲ್ ಅದಕ್ಕೆ 1942ರಲ್ಲಿ ಪೇಟೆಂಟ್ ಪಡೆದ. ಆ ಸಾಬೂನಿಗೆ ಬೇಕಾದ ಕೊಬ್ಬಿನ ಆಮ್ಲ ಬರುವುದು ಬಹುಮಟ್ಟಿಗೆ ಔಡಲೆಣ್ಣೆಯಿಂದ. ಗಾಡಿಯ ಕೀಲಿಗೆ ಔಡಲೆಣ್ಣೆ ಬಿಡುತ್ತಿದ್ದ ಹಿರಿಯರಿಗೆ ಇದು ತಮಾಷೆಯಾಗಿ ಕಾಣಬಹುದು. ಅಂಗೈಯಲ್ಲಿ ಗ್ರೀಸ್ ಹಾಕಿಕೊಂಡು ಬೇರಿಂಗಿನ ದಪ್ಪ ಕಡೆಯಿಂದ ಒತ್ತಬೇಕು, ಸಣ್ಣ ಕಡೆಯಿಂದ ಹೊರಬರುವವರೆಗೆ. ಹಬ್ಬಿನ ಹೊಟ್ಟೆ ತುಂಬ ತುರುಕುವುದು ಬೇಡ. ಅರ್ಧಕ್ಕಿಂತ ಕಡಿಮೆ ಸಾಕು. ಹೆಚ್ಚಾದರೆ ಅದನ್ನು ಕಲಕುವುದರಲ್ಲೇ ಬಿಸಿ ಹುಟ್ಟುತ್ತದೆ.

ಕೊನೆಗೆ ನಟ್ಟು. ಗಾಲಿಯನ್ನು ಕೈಯಿಂದ ತಿರುಗಿಸುತ್ತ ಬಿಗಿ ಮಾಡಿ, ರೋಲರುಗಳು ತಮ್ಮ ಜಾಗಕ್ಕೆ ಕೂತ ಮೇಲೆ ಸುತ್ತಿನ ಆರನೆಯ ಒಂದು ಪಾಲಿನಷ್ಟು ಹಿಂದಕ್ಕೆ ಬಿಟ್ಟು, ಹೊಸ ಪಿನ್ ಹಾಕಬೇಕು. ಗಟ್ಟಿ ಮಾಡಿದಷ್ಟೂ ಭದ್ರ ಎಂಬುದು ಇಲ್ಲಿ ನಡೆಯುವುದಿಲ್ಲ. ಕಾದು ಹಿಗ್ಗಲು ಜಾಗವಿಲ್ಲದ ಓರೆ ರೋಲರ್ ತನ್ನನ್ನು ತಾನೇ ಹಿಂಡಿಕೊಳ್ಳುತ್ತದೆ.

ಗಾಲಿ ಹೇಗೂ ಇಳಿದಿರುವಾಗ ಟೈರನ್ನೂ ನೋಡಿಬಿಡಬೇಕು. ನಮ್ಮ ಟ್ರೇಲರುಗಳಿಗೆ ಬರುವುದು ಹೆಚ್ಚಾಗಿ ಲಾರಿಯಿಂದ ಇಳಿದ ಹಳೆಯ ಟೈರು ಇಲ್ಲವೇ ರಿಬಟನ್ ಮಾಡಿದ್ದು, ಅಂದರೆ ಸವೆದ ಮೈಗೆ ಹೊಸ ರಬ್ಬರ್ ಹಚ್ಚಿದ್ದು. ಮೇಲಿನ ಕಟ್ಟಿಂಗ್ ಚೆನ್ನಾಗಿ ಕಂಡರೂ ವಯಸ್ಸು ಪಕ್ಕದ ಗೋಡೆಯಲ್ಲಿ ಬರೆದಿರುತ್ತದೆ: 2319 ಎಂದಿದ್ದರೆ 2019ರ 23ನೆಯ ವಾರದಲ್ಲಿ ಹುಟ್ಟಿದ್ದು. ಬಿಸಿಲು ಮತ್ತು ಗಾಳಿಯಲ್ಲಿರುವ ಓಜೋನ್ ನಿಂತ ಟೈರನ್ನೂ ಬಿಡುವುದಿಲ್ಲ. ಗೋಡೆಯಲ್ಲಿ ಸಣ್ಣ ಸಣ್ಣ ಬಿರುಕು ಅದರ ಗುರುತು. ಮಳೆಗಾಲಕ್ಕೆ ನಿಲ್ಲಿಸುವಾಗ ಎಕ್ಸೆಲ್ ಕೆಳಗೆ ಕಲ್ಲು ಕೊಟ್ಟು ಗಾಲಿ ನೆಲಬಿಟ್ಟು ಇರುವಂತೆ ಮಾಡಿದರೆ ಟೈರಿಗೂ ಒಳ್ಳೆಯದು, ಬೇರಿಂಗಿಗೂ ಒಳ್ಳೆಯದು: ಹೋಗುತ್ತ ಬರುತ್ತ ಯಾರಾದರೂ ಗಾಲಿಯನ್ನು ನಾಲ್ಕು ಸುತ್ತು ತಿರುಗಿಸಬಹುದು.

ಲಾರಿಯ ಹಳೆ ಡಿಸ್ಕಿನ ಜೊತೆ ಬರುವ, ಟೈರನ್ನು ಡಿಸ್ಕಿಗೆ ಹಿಡಿದಿಡುವ ಕಬ್ಬಿಣದ ರಿಂಗು ಮಾತ್ರ ಅಪಾಯದ ವಸ್ತು. ಗಾಳಿ ತುಂಬಿದಾಗ ಅದರ ಮೇಲೆ ಬೀಳುವ ಒತ್ತಡ ಟನ್‌ಗಟ್ಟಲೆ. ತುಕ್ಕು ಹಿಡಿದ ಇಲ್ಲವೇ ಬೇರೆ ಅಳತೆಯ ರಿಂಗ್ ಹಾರಿದರೆ ಎದುರಿಗೆ ಕೂತವರು ಉಳಿಯುವುದು ಕಷ್ಟ. ಪಂಜರದೊಳಗೆ ಇಟ್ಟು, ಉದ್ದ ಪೈಪಿನಿಂದ, ಪಕ್ಕಕ್ಕೆ ನಿಂತು ಗಾಳಿ ತುಂಬುವ ಅಂಗಡಿ ಹುಡುಕಿಕೊಂಡು ಹತ್ತು ಕಿಲೋಮೀಟರ್ ಹೆಚ್ಚು ಹೋದರೂ ನಷ್ಟವಿಲ್ಲ.

ಮೊದಲ ಹೇರು ಇಳಿಸಿದ ಮೇಲೆ ಹಬ್ಬನ್ನು ಅಂಗೈಯಿಂದ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಸರಿ. ಕೈ ಇಡಲಾಗದಷ್ಟು ಸುಡುತ್ತಿದ್ದರೆ ನಟ್ಟು ಬಿಗಿಯಾಗಿದೆ ಅಥವಾ ಗ್ರೀಸು ಇಲ್ಲ. ಮುಂದಿನ ಟ್ರಿಪ್ ಹೊಡೆಯುವಂತಿಲ್ಲ. ಡಿಸ್ಕಿನ ನಟ್ಟುಗಳಿಗೂ ಆಗಲೇ ಇನ್ನೊಮ್ಮೆ ಪಾನಾ ಹಚ್ಚಬೇಕು. ಡಿಸ್ಕ್ ಮತ್ತು ಹಬ್ಬಿನ ನಡುವೆ ಸಿಕ್ಕಿದ ಬಣ್ಣ, ತುಕ್ಕು, ಧೂಳು ಭಾರಕ್ಕೆ ಅರೆದುಹೋದ ಮೇಲೆ ಬೆಳಿಗ್ಗೆ ಬಿಗಿಯಾಗಿದ್ದ ನಟ್ಟು ಮಧ್ಯಾಹ್ನಕ್ಕೆ ಸಡಿಲಾಗಿರುತ್ತದೆ.