ಸಾಲದ ಸನ್ನೆಕೋಲು

"ಅಷ್ಟೊಂದು ಸಾಲ ಇರೋ ಕಂಪನಿಯ ಶೇರು ಏರೋದು ಹೇಗೆ ಸಾರ್?" ಬಿಸಿನೆಸ್ ಸುದ್ದಿ ಓದುವ ನನಗೆ ವೀಕ್ಷಕರು ಆಗಾಗ ಕೇಳುವ ಪ್ರಶ್ನೆ ಇದು. ಉತ್ತರಕ್ಕೆ ಒಂದು ಸಣ್ಣ ಲೆಕ್ಕ ಸಾಕು.

ಎರಡು ಕಂಪನಿ ಇವೆ ಅಂದುಕೊಳ್ಳಿ. ಎರಡಕ್ಕೂ ಬೇಕಾದ ಬಂಡವಾಳ 100 ಕೋಟಿ. ಮೊದಲನೆಯದು ತಲಾ 10 ರೂಪಾಯಿಯ 10 ಕೋಟಿ ಶೇರು ಮಾರಿ ಪೂರ್ತಿ ಹಣ ಎತ್ತಿತು. ಎರಡನೆಯದು 5 ಕೋಟಿ ಶೇರು ಮಾತ್ರ ಮಾರಿ, ಉಳಿದ 50 ಕೋಟಿಯನ್ನು ಶೇ. 10ರ ಬಡ್ಡಿಗೆ ತಂತು. ವರ್ಷಕ್ಕೆ ಬಡ್ಡಿ 5 ಕೋಟಿ. ತೆರಿಗೆಯನ್ನು ಸದ್ಯಕ್ಕೆ ಪಕ್ಕಕ್ಕಿಡೋಣ.

ಬಡ್ಡಿ ಕಟ್ಟುವ ಮುಂಚಿನ ಲಾಭ 20 ಕೋಟಿ ಬಂತು ಅನ್ನಿ. ಮೊದಲ ಕಂಪನಿಯ ಗಳಿಕೆ ಶೇರಿಗೆ 2 ರೂಪಾಯಿ. ಎರಡನೆಯದರಲ್ಲಿ ಬಡ್ಡಿ ಕಳೆದು ಉಳಿದ 15 ಕೋಟಿಯನ್ನು 5 ಕೋಟಿ ಶೇರಿಗೆ ಹಂಚಿದರೆ 3 ರೂಪಾಯಿ! ಅದೇ ವ್ಯಾಪಾರ, ಅದೇ ಲಾಭ, ಆದರೆ ಶೇರಿನ ಗಳಿಕೆ ಒಂದೂವರೆ ಪಟ್ಟು. ಪೇಟೆಗೆ ಇದು ಇಷ್ಟವಾಗುತ್ತೆ.

ಮರುವರ್ಷ ಲಾಭ 2 ಕೋಟಿಗೆ ಇಳಿಯಿತು. ಮೊದಲ ಕಂಪನಿಗೆ ಶೇರಿಗೆ 20 ಪೈಸೆಯಾದ್ರೂ ಉಳಿಯಿತು. ಎರಡನೆಯದಕ್ಕೆ 60 ಪೈಸೆ ನಷ್ಟ. ಯಾಕಂದ್ರೆ ವ್ಯಾಪಾರ ಕುಗ್ಗಿತು ಅಂತ ಬಡ್ಡಿ ಕುಗ್ಗಲ್ಲ. ಎಂಜಿನಿಯರಿಂಗ್‌ನಲ್ಲಿ ನಾವು ಓದಿದ ಸನ್ನೆಕೋಲು, ಅಂದರೆ ಲಿವರ್, ಇದೇ. 'ಲಿವರೇಜ್' ಎಂಬ ಪದ ಹುಟ್ಟಿದ್ದೂ ಅದರಿಂದಲೇ. ಅದು ಮೇಲಕ್ಕೂ ಎತ್ತುತ್ತೆ, ಕೆಳಕ್ಕೂ ಒತ್ತುತ್ತೆ.

ನಮ್ಮ ಬೆಂಗಳೂರಿನ ಕಿಂಗ್‌ಫಿಶರ್ ಏರ್‌ಲೈನ್ಸ್ ನೆನಪಿಸಿಕೊಳ್ಳಿ. 2005ರಲ್ಲಿ ಹಾರಾಟ ಶುರು ಮಾಡಿದ ಕಂಪನಿ ಒಂದು ವರ್ಷವೂ ಲಾಭ ಕಾಣಲಿಲ್ಲ. ಸಾಲ ಬೆಳೆಯಿತು. 2011ರಲ್ಲಿ ಬ್ಯಾಂಕುಗಳು ಸಾಲದ ಒಂದು ಭಾಗವನ್ನು ಶೇರಿಗೆ 64.48 ರೂಪಾಯಿಯಂತೆ ಬದಲಿಸಿಕೊಂಡವು. ಆಗ ಪೇಟೆ ಬೆಲೆ ಸುಮಾರು 40! 2012ರ ಅಕ್ಟೋಬರ್‌ನಲ್ಲಿ ವಿಮಾನಗಳು ನಿಂತವು. ಬ್ಯಾಂಕುಗಳಿಗೆ ಬರಬೇಕಾದ ಬಾಕಿ ಬಡ್ಡಿ ಸೇರಿ 9,000 ಕೋಟಿ ದಾಟಿತು. ನೌಕರರ ಸಂಬಳ ಬಾಕಿ ಉಳಿಯಿತು. ಇಂಥ ಹೊತ್ತಲ್ಲಿ ಸಾಲ ಕೊಟ್ಟವರ ಸರದಿ ಮೊದಲು, ಶೇರುದಾರರದ್ದು ಕಟ್ಟಕಡೆಗೆ.

ಹಾಗಂತ ಸಾಲವೇ ಪಾಪ ಅಲ್ಲ. ತಂದ ಹಣ ಬಡ್ಡಿಗಿಂತ ಹೆಚ್ಚು ದುಡಿದರೆ ಶೇರುದಾರನಿಗೆ ಲಾಭವೇ. ಆದ್ದರಿಂದ ಶೇರಿನ ಗಳಿಕೆ ಏರಿದೆ ಅಂತ ನಾವು ಟೀವಿಯಲ್ಲಿ ಕೂಗಿದಾಗ ನೀವೊಂದು ಭಾಗಾಕಾರ ಮಾಡಿ. ಬಡ್ಡಿಗೆ ಮುಂಚಿನ ಲಾಭವನ್ನು ಬಡ್ಡಿಯಿಂದ ಭಾಗಿಸಿ. ನಮ್ಮ ಎರಡನೇ ಕಂಪನಿಗೆ ಒಳ್ಳೆಯ ವರ್ಷದಲ್ಲಿ ಉತ್ತರ 4, ಕೆಟ್ಟ ವರ್ಷದಲ್ಲಿ 0.4. ಒಂದಕ್ಕಿಂತ ಕೆಳಗೆ ಬಂತು ಅಂದ್ರೆ, ಆ ಕಂಪನಿಯ ದುಡಿಮೆ ಬಡ್ಡಿಗೂ ಸಾಲುತ್ತಿಲ್ಲ ಅಂತ ಅರ್ಥ.