ಖಾಲಿ ರಸ್ತೆಗೆ ಹಸಿರು ದೀಪವೇಕೆ?

ರಾತ್ರಿ ಹತ್ತೂವರೆ. ಸಿಗ್ನಲ್‌ನಲ್ಲಿ ಕೆಂಪು ದೀಪ. ಪಕ್ಕದ ಅಂಕಿ 74, 73, 72 ಎಂದು ಇಳಿಯುತ್ತಿದೆ. ನಮ್ಮ ಹಿಂದೆ ಉದ್ದದ ಸಾಲು. ಹಸಿರು ಉರಿಯುತ್ತಿರುವ ಅಡ್ಡರಸ್ತೆಯಲ್ಲಿ ಒಂದು ಸೈಕಲ್ಲೂ ಇಲ್ಲ. ಇಂಥ ದೀಪಕ್ಕೆ ಮೊದಲೇ ಹಾಕಿಟ್ಟ ವೇಳೆ ಗೊತ್ತು, ರಸ್ತೆ ಕಾಣುವುದಿಲ್ಲ.

ಹಸಿರಿನ ಒಂದೊಂದು ಸೆಕೆಂಡಿಗೂ ಬೆಲೆಯಿದೆ. ಸಾಲು ಸರಾಗವಾಗಿ ಹರಿಯತೊಡಗಿದ ಮೇಲೆ ಒಂದು ಪಥದಲ್ಲಿ ಸುಮಾರು 2 ಸೆಕೆಂಡಿಗೊಂದು ಕಾರು ಗೆರೆ ದಾಟುತ್ತದೆ. 10 ಸೆಕೆಂಡು ಹಸಿರು ಖಾಲಿ ರಸ್ತೆಗೆ ಸೋರಿದರೆ 5 ಕಾರು ನಿಂತಲ್ಲೇ ಉಳಿದಂತೆ. ಹಾಗೆಂದು ದೀಪವನ್ನು ಪದೇಪದೇ ಬದಲಿಸಿದರೂ ನಷ್ಟವೇ: ಹಳದಿಗೆ, ಮುಂದಿನ ಸಾಲು ಗೇರ್ ಹಾಕಿ ಹೊರಡುವುದಕ್ಕೆ ಪ್ರತಿ ಸಲವೂ ಕೆಲವು ಸೆಕೆಂಡು ಹೋಗುತ್ತವೆ. ಈ ಎರಡು ನಷ್ಟಗಳ ನಡುವೆ ಹದವಾದ ಅವಧಿ ಹುಡುಕುವ ಸೂತ್ರವನ್ನು ಬ್ರಿಟನ್ನಿನ ಎಫ್.ವಿ. ವೆಬ್‌ಸ್ಟರ್ 1958ರಲ್ಲಿ ಕೊಟ್ಟರು. ಸೂತ್ರಕ್ಕೆ ವಾಹನಗಳ ಎಣಿಕೆ ಬೇಕು. ಆ ಎಣಿಕೆಯೋ ಗಳಿಗೆಗೊಮ್ಮೆ ಬದಲಾಗುತ್ತದೆ.

1970ರ ದಶಕದಲ್ಲಿ ಸಿಡ್ನಿಯ ಸ್ಕ್ಯಾಟ್ಸ್, ಬ್ರಿಟನ್ನಿನ ಸ್ಕೂಟ್ ವ್ಯವಸ್ಥೆಗಳು ದೀಪಕ್ಕೆ ಕಣ್ಣು ಕೊಟ್ಟವು. ಡಾಂಬರಿನಡಿ ತಂತಿಯ ಸುರುಳಿ. ಲೋಹದ ವಾಹನ ಮೇಲೆ ಬಂದೊಡನೆ ಅದರ ಪ್ರೇರಕತ್ವ ತಗ್ಗುತ್ತದೆ, ಎಣಿಕೆ ಏರುತ್ತದೆ. ಕಂಪ್ಯೂಟರ್ ಮೂರನ್ನು ತೀರ್ಮಾನಿಸುತ್ತದೆ: ದೀಪದ ಒಂದು ಸುತ್ತು ಎಷ್ಟು ಹೊತ್ತು, ಯಾವ ದಿಕ್ಕಿಗೆ ಎಷ್ಟು ಪಾಲು, ಮುಂದಿನ ಸಿಗ್ನಲ್‌ನ ಹಸಿರು ಎಷ್ಟು ತಡವಾಗಿ ಬೀಳಬೇಕು. ಮೂರನೆಯದು ಹೊಂದಿಬಂದರೆ ಇಲ್ಲಿಂದ ಹೊರಟ ಗುಂಪಿಗೆ ಅಲ್ಲಿ ಹಸಿರು ಕಾದಿರುತ್ತದೆ.

ನಮ್ಮಲ್ಲಿ ವಾಹನಗಳು ಪಥ ಹಿಡಿದು ಸಾಗುವುದು ಅಪರೂಪ. ಬಸ್ಸಿನ ಪಕ್ಕ ಆಟೊ, ಸಂದಿಯಲ್ಲಿ ನಾಲ್ಕು ಸ್ಕೂಟರ್. ಪಥಕ್ಕೊಂದು ಸುರುಳಿ ಹೂತರೆ ಲೆಕ್ಕ ತಪ್ಪುತ್ತದೆ. ಆದ್ದರಿಂದ ಸಿ-ಡ್ಯಾಕ್ ಸಂಸ್ಥೆ ಭಾರತದ ಮಿಶ್ರ ಸಂಚಾರಕ್ಕೆಂದೇ ಕಾಸಿಕಾಸ್ಟ್ ತಂತ್ರಾಂಶ ರೂಪಿಸಿತು. ಬೆಂಗಳೂರಿನಲ್ಲಿ 2024ರಿಂದ ಅದು ಕ್ಯಾಮೆರಾಗಳ ನೆರವಿನೊಂದಿಗೆ ಕೆಲಸ ಮಾಡುತ್ತಿದೆ.

ಇದರಿಂದ ರಸ್ತೆ ಅಗಲವಾಗದು. ಮುಂದಿನ ವೃತ್ತ ತುಂಬಿ ನಿಂತಿದ್ದರೆ ಇಲ್ಲಿನ ಹಸಿರೂ ವ್ಯರ್ಥ. ಸೋರಿಹೋಗುತ್ತಿದ್ದ ಸೆಕೆಂಡುಗಳನ್ನು ಹಿಡಿದು ಹಂಚುವುದಷ್ಟೇ ಅದರ ಕೆಲಸ.

ಆ ಹಂಚಿಕೆಯಲ್ಲಿ ನಡೆಯುವವರ ಪಾಲು ಮೊದಲೇ ಎತ್ತಿಡಬೇಕು. ಸೆಕೆಂಡಿಗೆ 1.2 ಮೀಟರ್ ನಡಿಗೆಯೆಂದರೆ 12 ಮೀಟರ್ ಅಗಲದ ರಸ್ತೆ ದಾಟಲು 10 ಸೆಕೆಂಡು. ಕೈಚೀಲ ಹಿಡಿದ ಅಜ್ಜಿಗೆ ಅದು ಸಾಲದು. ವಾಹನವನ್ನಷ್ಟೇ ಎಣಿಸುವ ಕ್ಯಾಮೆರಾಗೆ ಆಕೆ ಕಾಣುವುದಿಲ್ಲ; ಆಕೆಯನ್ನೂ ಎಣಿಸೆಂದು ಅದಕ್ಕೆ ಹೇಳಿಕೊಡಬೇಕಾದವರು ನಾವು.