ಶನಿವಾರ ಒಂದೂವರೆ ಗಂಟೆಯ ವಿಮಾನ

ಮಗಳು ಮೊದಲ ಬಾರಿ ಕೂಸನ್ನು ಎತ್ತಿಕೊಂಡು ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ಬರುವವಳಿದ್ದಳು. ಡಿಸೆಂಬರ್ ತಿಂಗಳು. ಶುಕ್ರವಾರ ರಾತ್ರಿ 8.30ಕ್ಕೆ ಹೊರಡುತ್ತೇವೆ, 17 ಗಂಟೆ ಪ್ರಯಾಣ ಎಂದು ಫೋನಿನಲ್ಲಿ ಹೇಳಿದ್ದಳು. ಜೀವಮಾನವೆಲ್ಲ ಬ್ಯಾಂಕಿನಲ್ಲಿ ಲೆಡ್ಜರ್ ಕೂಡಿದವನಿಗೆ ಇದೇನು ಮಹಾ ಲೆಕ್ಕ? ಶನಿವಾರ ಮಧ್ಯಾಹ್ನ 1.30! ಕೂಸಿಗೆಂದು ಫ್ಲಾಸ್ಕಿನಲ್ಲಿ ಬಿಸಿನೀರು ತುಂಬಿಕೊಂಡು ನಾನೂ ನಮ್ಮ ಮನೆಯವರೂ 12 ಗಂಟೆಗೇ ದೇವನಹಳ್ಳಿಯಲ್ಲಿ ಹಾಜರು.

ಮೂರಾದರೂ ಮಗಳಿಲ್ಲ. ನಮ್ಮ ಮನೆಯವರ ಮುಖ ಬಾಡಿತು, ದೇವರಿಗೆ ಹರಕೆ ಕಟ್ಟಿಕೊಂಡರು. ಪಕ್ಕದಲ್ಲಿದ್ದ ಹುಡುಗನೊಬ್ಬ ಮೊಬೈಲ್ ನೋಡಿ, "ತಾತಾ, ಆ ವಿಮಾನ ಇನ್ನೂ ಉತ್ತರ ಧ್ರುವದ ಕಡೆ ಹೋಗ್ತಾ ಇದೆ. ನಾಳೆ ಬೆಳಗಿನ ಜಾವ ಬನ್ನಿ" ಎಂದ.

ತಪ್ಪು ಎಲ್ಲಿ ಗೊತ್ತೇ ಮಕ್ಕಳೇ? ಚಳಿಗಾಲದಲ್ಲಿ ನಮ್ಮ ಗಡಿಯಾರ ಅಲ್ಲಿಯದಕ್ಕಿಂತ ಹದಿಮೂರೂವರೆ ಗಂಟೆ ಮುಂದೆ. ಪ್ರಯಾಣದ 17ಕ್ಕೆ ಅದನ್ನೂ ಕೂಡಿಸಿದರೆ ಮೂವತ್ತೂವರೆ. ಅಂದರೆ ಭಾನುವಾರ ನಸುಕಿನ 3 ಗಂಟೆ. ಎರಡು ಊರುಗಳ ನಡುವಿನ ಮೊದಲ ನೇರ ವಿಮಾನ 2021ರ ಜನವರಿ 9ರ ರಾತ್ರಿ ಅಲ್ಲಿಂದ ಹೊರಟು, ಇಲ್ಲಿ ಇಳಿದದ್ದು 11ರ ಬೆಳಗಿನ ಜಾವ. ಹತ್ತನೇ ತಾರೀಖು ಪೂರ್ತಿ ಆಕಾಶದಲ್ಲೇ ಕಳೆಯಿತು! ಅದನ್ನು ನಡೆಸಿದ ಪೈಲಟ್‌ಗಳೆಲ್ಲ ಮಹಿಳೆಯರು, ನಾಯಕಿ ಕ್ಯಾಪ್ಟನ್ ಜೋಯಾ ಅಗರ್‌ವಾಲ್.

ಆದರೆ ಧ್ರುವದ ಕಡೆ ಯಾಕೆ ಹೋಗಬೇಕು? ಮನೆಯಲ್ಲಿ ಗ್ಲೋಬ್ ಇದ್ದರೆ ಒಂದು ದಾರ ತನ್ನಿ. ಗೋಡೆಯ ನಕ್ಷೆ ಬೇಡ, ಅದು ಮೋಸ ಮಾಡುತ್ತದೆ. ಒಂದು ತುದಿ ಬೆಂಗಳೂರಿನ ಮೇಲೆ, ಇನ್ನೊಂದು ಸ್ಯಾನ್ ಫ್ರಾನ್ಸಿಸ್ಕೋ ಮೇಲೆ ಇಟ್ಟು ಬಿಗಿಯಾಗಿ ಎಳೆಯಿರಿ. ದಾರ ತಾನಾಗಿಯೇ ಉತ್ತರ ಧ್ರುವದ ಪಕ್ಕಕ್ಕೆ ಜಾರುತ್ತದೆ. ಎರಡೂ ಊರು ಭೂಮಿಯ ಹೆಚ್ಚುಕಡಿಮೆ ಎದುರುಬದುರು ಮಗ್ಗುಲಿನಲ್ಲಿವೆ. ಹತ್ತಿರದ ದಾರಿ ಅದೇ, ಸುಮಾರು 14,000 ಕಿ.ಮೀ.

ಗಂಟೆಗೆ 900 ಕಿ.ಮೀ. ಹಿಡಿದರೆ ಹದಿನೈದೂವರೆ ಗಂಟೆ ಸಾಕಲ್ಲ, ಎನ್ನುತ್ತೀರಿ. ಏರುವಾಗ, ಇಳಿಯುವಾಗ ವೇಗ ಕಡಿಮೆ. ಜೊತೆಗೆ ಮೇಲಿನ ಗಾಳಿ. ಹತ್ತು ಕಿ.ಮೀ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಭಾರೀ ಗಾಳಿ ಹರಿಯುತ್ತದೆ. 2016ರ ಅಕ್ಟೋಬರ್‌ನಲ್ಲಿ ದೆಹಲಿ–ಸ್ಯಾನ್ ಫ್ರಾನ್ಸಿಸ್ಕೋ ವಿಮಾನವನ್ನು ಅಟ್ಲಾಂಟಿಕ್ ಬಿಟ್ಟು ಪೆಸಿಫಿಕ್ ಸಾಗರದ ಮೇಲೆ ಹಾರಿಸಿದರು. ದೂರ ಸಾವಿರಕ್ಕೂ ಹೆಚ್ಚು ಕಿ.ಮೀ. ಜಾಸ್ತಿಯಾಗಿ 15,300 ಆಯಿತು. ಗಾಳಿ ಬೆನ್ನಿಗೆ ನಿಂತು ತಳ್ಳಿದ್ದರಿಂದ ಹದಿನಾಲ್ಕೂವರೆ ಗಂಟೆಯಲ್ಲೇ ಮುಟ್ಟಿತು! ದೂರದ ದಾರಿಯೇ ಬೇಗ ಮುಗಿಯುವುದನ್ನು ನಮ್ಮ ಲೆಡ್ಜರ್ ಎಂದೂ ಒಪ್ಪುತ್ತಿರಲಿಲ್ಲ.

ಭಾನುವಾರ ನಸುಕಿನಲ್ಲಿ ಮತ್ತೆ ಫ್ಲಾಸ್ಕ್ ಹಿಡಿದು ಹೋದೆವು. ಮಗಳು ತೂಕಡಿಸುತ್ತಲೇ ಗಾಡಿ ತಳ್ಳಿಕೊಂಡು ಬಂದಳು. ಕೂಸು ಮಾತ್ರ ಕಣ್ಣರಳಿಸಿ ನಗುತ್ತಿತ್ತು. ಅದರ ಊರಿನ ಗಡಿಯಾರದಲ್ಲಿ ಆಗ ಶನಿವಾರ ಮಧ್ಯಾಹ್ನ 1.30.